ಎರಡನೆಯ ಬೊಗಸೆ

ಕಳೆದ ಸೋಮವಾರ ಜೇಜುರಿಯ ಬೀದಿಯಲ್ಲಿ ಹಿರಿಯರೊಬ್ಬರು ಕೇಳಿದ ಒಂದು ಪ್ರಶ್ನೆ, ಈ ಶನಿವಾರ ಚಿತ್ರಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು ಕುಳಿತಿರುವಾಗಲೂ ನನ್ನನ್ನು ಬಿಟ್ಟಿಲ್ಲ.

ಅಮಾವಾಸ್ಯೆ ಸೋಮವಾರ ಬಂದಾಗ ಖಂಡೋಬನ ಪಲ್ಲಕ್ಕಿ ಗುಡ್ಡದ ಮೇಲಿನ ಗುಡಿಯಿಂದ ಇಳಿದು, ಊರನ್ನು ಹಾದು, ಕರ್ಹಾ ನದಿಗೆ ಸ್ನಾನಕ್ಕೆ ಹೋಗುತ್ತದೆ. ಆ ದಾರಿಯುದ್ದಕ್ಕೂ ಜನ ಭಂಡಾರ, ಎಂದರೆ ಅರಿಶಿನದ ಪುಡಿ, ತೂರುತ್ತಾರೆ. ಮೆಟ್ಟಿಲು, ಮಾಳಿಗೆ, ಅಂಗಡಿಯ ತಗಡು, ಎತ್ತಿನ ಕೋಡು, ಪೊಲೀಸರ ಟೋಪಿ, ಯಾವುದೂ ತನ್ನ ಬಣ್ಣದಲ್ಲಿ ಉಳಿಯುವುದಿಲ್ಲ. ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಈ ಊರಿಗೆ ನಾನು ಹಲವು ವರ್ಷಗಳಿಂದ ಕ್ಯಾಮೆರಾ ಹೊತ್ತು ಹೋಗುತ್ತಿದ್ದೇನೆ. ಹೋಗುವುದು ಭಕ್ತಿಯಿಂದಲೋ ಚಟದಿಂದಲೋ ಎಂದು ನನ್ನ ಹೆಂಡತಿ ಕೇಳುತ್ತಾಳೆ. ನಮ್ಮ ಅಜ್ಜಿಗೆ ಈ ದೇವರು ಖಂಡೋಬನಲ್ಲ, ಮೈಲಾರಲಿಂಗ. ರಾಣೆಬೆನ್ನೂರಿನ ಹತ್ತಿರದ ದೇವರಗುಡ್ಡಕ್ಕೆ ನಡೆದೇ ಹೋಗಿ ಬರುತ್ತಿದ್ದವಳು ಆಕೆ. ಅಲ್ಲಿ ಕರಿಯ ಕಂಬಳಿಯ ಗೊರವಯ್ಯ ಡಮರುಗ ಬಾರಿಸಿದರೆ ಇಲ್ಲಿ ಖಂಡೋಬನ ಸೇವೆಗೆ ಮುಡಿಪಾದ ವಾಘ್ಯಾ, ಮುರಳಿಯರು ಹಾಡುತ್ತಾರೆ. ಅಲ್ಲಿಯ ‘ಏಳುಕೋಟಿಗೋ’ ಇಲ್ಲಿ ‘ಯೆಳಕೋಟ ಯೆಳಕೋಟ ಜಯ ಮಲ್ಹಾರ’ ಆಗುತ್ತದೆ. ಹೀಗಾಗಿ ಮಂಡ್ಯದವಳಾದ ಹೆಂಡತಿಗೆ, ಇದು ನಮ್ಮ ಮನೆಯ ದೇವರೇ ಎಂದು ಹೇಳಿ ತಪ್ಪಿಸಿಕೊಳ್ಳಲು ನನಗೆ ಅವಕಾಶವಿದೆ.

ಭಂಡಾರದ ಚಿತ್ರ ತೆಗೆಯುವುದು ನೋಡಿದಷ್ಟು ಸುಲಭವಲ್ಲ. ಬೊಗಸೆಯಿಂದ ಹಾರಿದ ಅರಿಶಿನ ಗಾಳಿಯಲ್ಲಿ ಹೂವಿನಂತೆ ಬಿಚ್ಚಿಕೊಳ್ಳುವುದು ಒಂದು ಕ್ಷಣ ಮಾತ್ರ. ಅದಕ್ಕೂ ಮೊದಲು ಒತ್ತಿದರೆ ಅದು ಬರಿಯ ಮುದ್ದೆ, ಆಮೇಲೆ ಒತ್ತಿದರೆ ಬರಿಯ ಮಂಜು. ಬಿಸಿಲು ತೂರುವವನ ಬೆನ್ನ ಹಿಂದಿರಬೇಕು. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದಿದ್ದರೂ, ಉದ್ದವಾಗಿ ಗಿಡ್ಡವಾಗಿ ಚಲಿಸುವ ಜೂಮ್ ಲೆನ್ಸು ಪ್ರತಿ ಸಲವೂ ಗಾಳಿಯ ಜೊತೆಗೆ ಒಂದಿಷ್ಟು ಅರಿಶಿನವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಭಂಡಾರದ ಜೊತೆ ತೂರುವ ಕೊಬ್ಬರಿಯ ಚೂರುಗಳು ತಲೆಗೆ ಬಡಿಯುವುದು ಬೇರೆ.

ಅವತ್ತು ಪಲ್ಲಕ್ಕಿ ತಿರುವಿಗೆ ಬಂದಾಗ ನನ್ನ ಮುಂದೆ ಹತ್ತು ಅಡಿ ದೂರದಲ್ಲಿ ಆ ಹಿರಿಯರಿದ್ದರು: ಬಿಳಿ ಅಂಗಿ, ಧೋತರ, ಹೆಗಲಿಗೆ ಭಂಡಾರದ ಚೀಲ. ಅವರು ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ ತೂರಿದರು. ಅದೇ ಹೊತ್ತಿಗೆ ಯಾರದೋ ಮೊಣಕೈ ನನಗೆ ತಾಗಿತು. ‘ತಪ್ಪಿತಲ್ಲೋ ಮಾರಾಯ’ ಎಂದು ನನಗೆ ನಾನೇ ಗೊಣಗಿಕೊಂಡು, ಅವರ ಬಳಿಗೆ ನುಗ್ಗಿ ಮರಾಠಿಯಲ್ಲಿ, ‘ಬಾಬಾ, ಪುನ್ಹಾ ಏಕದಾ ಉಧಳಾ ನಾ’ ಎಂದು ಕೇಳಿಕೊಂಡೆ. ಇನ್ನೊಮ್ಮೆ ತೂರಿ ಎಂದು.

ಅವರು ಉತ್ತರಿಸಿದ್ದು ಕನ್ನಡದಲ್ಲಿ, ವಿಜಯಪುರದ ಕಡೆಯ ಕನ್ನಡದಲ್ಲಿ. ‘ಮದ್ಲ ತೂರಿದ್ದು ಮೈಲಾರಗ ಹೋತು, ತಮ್ಮಾ. ಈಗ ತೂರಿದ್ರ ಅದು ಯಾರಿಗಿ?’

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಚುಚ್ಚು ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬಂತೆ ಅವರು ಕೇಳಿದ್ದರು, ಮತ್ತು ಉತ್ತರಕ್ಕಾಗಿ ಒಂದು ಗಳಿಗೆ ಕಾದರು ಕೂಡ. ‘ಅಲ್ಲ ಅಜ್ಜಾರ, ಫೋಟೋಕ್ಕ...’ ಎಂದು ನಾನು ತಡವರಿಸಿದೆ. ಅವರು ಚೀಲಕ್ಕೆ ಕೈ ಹಾಕಿ, ಚಿಟಿಕೆ ಭಂಡಾರ ತೆಗೆದು ನನ್ನ ಹಣೆಗೆ ಒತ್ತಿ, ಅದೇ ಹೆಬ್ಬೆರಳಿನಿಂದ ಕ್ಯಾಮೆರಾದ ನೆತ್ತಿಗೂ ಒಂದು ಬೊಟ್ಟಿಟ್ಟು, ಜನರೊಳಗೆ ನಡೆದುಬಿಟ್ಟರು.

ಆ ತಿರುವಿನ ಮಾಳಿಗೆಯ ಮೇಲೆ, ಛಾಯಾಗ್ರಹಣ ಕಲಿಸುತ್ತೇನೆಂದು ಹತ್ತು ಹನ್ನೆರಡು ಜನರನ್ನು ಕರೆತಂದ ಒಬ್ಬ ಗುರುವರ್ಯರಿದ್ದರು. ಅವರು ಕೆಳಗೆ ಮೂವರು ಹುಡುಗರನ್ನು ನಿಲ್ಲಿಸಿ, ತಾವೇ ಕೊಂಡ ಭಂಡಾರ ಕೊಟ್ಟು, ‘ಏಕ್, ದೋನ್, ತೀನ್’ ಎಂದು ಎಣಿಸಿ ತೂರಿಸುತ್ತಿದ್ದರು. ಹುಡುಗರ ಮುಖ ಮೇಲಿನ ಲೆನ್ಸುಗಳ ಕಡೆಗಿತ್ತು, ಪಲ್ಲಕ್ಕಿ ಅವರ ಬೆನ್ನ ಹಿಂದೆ ಹಾದುಹೋಯಿತು. ಇಂಥವರನ್ನು ಕಂಡರೆ ನನಗೆ ಆಗುವುದಿಲ್ಲ ಎಂದು ಹಲವು ಸಲ ಹಲವರ ಮುಂದೆ ಹೇಳಿದ್ದೇನೆ. ಆದರೆ ಅವರು ಎಣಿಸಿ ಕೇಳಿದ್ದನ್ನೇ ನಾನು ಬೇಡಿ ಕೇಳಿದ್ದೆನಲ್ಲ.

ಇನ್ನೂ ಹಳೆಯ ಸಂಗತಿಯೊಂದಿದೆ. ನಮ್ಮ ಮನೆಯ ಹಜಾರದಲ್ಲಿ ಆರು ವರ್ಷಗಳಿಂದ ತೂಗುಹಾಕಿರುವ, ಒಂದು ಸ್ಪರ್ಧೆಯಲ್ಲಿ ಬಹುಮಾನವನ್ನೂ ಪಡೆದ ಚಿತ್ರದಲ್ಲಿ, ಹಳದಿ ಮೋಡದ ನಡುವೆ ಒಬ್ಬ ಹುಡುಗ ಮುಖ ಮೇಲೆತ್ತಿ ನಿಂತಿದ್ದಾನೆ. ಬಂದವರೆಲ್ಲ ಅವನ ಮುಖದ ಭಕ್ತಿಯನ್ನು ಹೊಗಳುತ್ತಾರೆ. ಅವನು ಆ ಭಂಡಾರವನ್ನು ನನಗಾಗಿ ಮೂರು ಸಲ ತೂರಿದ್ದ, ಅದು ಮೂರನೆಯದು. ‘ಈಗ ಸರಿಯಾಯಿತೇ?’ ಎಂಬ ಹುಡುಗನ ಕಾತರವನ್ನು ನಾವೆಲ್ಲ ಭಕ್ತಿಯೆಂದು ಓದಿಕೊಂಡಿದ್ದೇವೆ. ಚಿತ್ರ ಈಗಲೂ ಚೆನ್ನಾಗಿಯೇ ಇದೆ, ಅದೇ ತೊಡಕು.

ಕಳೆದ ವರ್ಷ ಅಣ್ಣನ ಮಗಳ ಮದುವೆಯಲ್ಲಿ, ವಿಡಿಯೋದವನಿಗೆ ಎದುರು ಬೆಳಕು ಬಿದ್ದಿತೆಂದು ಧಾರೆಯ ನೀರನ್ನು ಎರಡನೆಯ ಸಲ ಎರೆಸಲಾಯಿತು. ಪುರೋಹಿತರು ಮಂತ್ರ ಹೇಳಲಿಲ್ಲ, ತುಟಿ ಮಾತ್ರ ಆಡಿಸಿದರು. ಮೊದಲ ಸಲ ಅಣ್ಣನ ಕೈ ನಡುಗಿತ್ತು, ಎರಡನೆಯ ಸಲ ನಡುಗಲಿಲ್ಲ. ಅಲ್ಬಮ್ಮಿನಲ್ಲಿರುವುದು ನಡುಗದ ಕೈ. ಇಷ್ಟು ಸಣ್ಣ ವಿಷಯಕ್ಕೆ ಯಾರು ಬಾಯಿ ತೆರೆಯಬೇಕೆಂದು ಆಗ ನಾನೂ ಸುಮ್ಮನಿದ್ದೆ. ಈಗ ಯೋಚಿಸಿದರೆ, ಆ ನೀರು ಯಾರಿಗೆ ಎಂದು ಕೇಳುವವರು ಆ ಮಂಟಪದಲ್ಲಿ ಒಬ್ಬರೂ ಇರಲಿಲ್ಲ.

ಮಂಗಳವಾರ ಹೆಂಡತಿ ನನ್ನ ಅಂಗಿಯನ್ನು ಸೋಪಿಗೆ ಹಾಕಿದೊಡನೆ ಹಳದಿಯೆಲ್ಲ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಆಗುವುದೂ ಇದೇ ಎಂದು ನಾನು ಪಾಂಡಿತ್ಯ ತೋರಿಸಹೋಗಿ ಬೈಸಿಕೊಂಡೆ. ಬಿಸಿಲಿಗೆ ಒಣಹಾಕಿದರೆ ಕಲೆ ತಾನಾಗಿ ಮಾಸುತ್ತದೆ ಎಂದೂ ಹೇಳಿದೆ. ಅಂಗಿ ಇನ್ನೂ ಬಾಲ್ಕನಿಯಲ್ಲಿದೆ.

ಬುಧವಾರ ಕ್ಯಾಮೆರಾವನ್ನು ರಿಪೇರಿ ಅಂಗಡಿಗೆ ಒಯ್ದೆ. ಜೂಮ್ ತಿರುಗಿಸಿದಾಗಲೆಲ್ಲ ಮರಳು ಅರೆದಂತೆ ಸದ್ದು ಬರುತ್ತಿತ್ತು. ಅಂಗಡಿಯಾತ ಪ್ಲಾಸ್ಟಿಕ್ ಬಿಚ್ಚಿ, ಬ್ಯಾಟರಿಯ ಮುಚ್ಚಳ ತೆರೆದು ನೋಡಿ, ‘ಜೇಜುರಿ?’ ಎಂದ. ಹೌದೆಂದೆ. ನೆತ್ತಿಯ ಮೇಲೆ ಒಣಗಿದ್ದ ಆ ಬೊಟ್ಟನ್ನು ಅವನು ಬ್ರಷ್ಷಿನಿಂದ ಉಜ್ಜಲಿಲ್ಲ. ತೋರುಬೆರಳಿಗೆ ತುಸು ತೆಗೆದುಕೊಂಡು ತನ್ನ ಹಣೆಗೆ ಮುಟ್ಟಿಸಿದ, ಆಮೇಲೆ ಗಾಳಿ ಊದುವ ಬುಗ್ಗೆಯನ್ನು ಕೈಗೆತ್ತಿಕೊಂಡ.