ಫರಸಿ, ಫ್ಯಾನು ಮತ್ತು ಪ್ರಕಾಶ್ ಪಡುಕೋಣೆ

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಬ್ಯಾಡ್ಮಿಂಟನ್ ಅಂದರೆ ಬಾಲ್ ಬ್ಯಾಡ್ಮಿಂಟನ್. ಹಳದಿ ಉಲನ್ ಚೆಂಡು, ಈ ಕಡೆ ಐದು ಜನ, ಆ ಕಡೆ ಐದು ಜನ, ಬಯಲಿನ ಆಟ. ಪುಕ್ಕದ್ದಕ್ಕೆ ಶಟಲ್ ಅಂತಿದ್ದೆವು. ಅದು ಸಾಹೇಬರ ಮಕ್ಕಳ ಆಟ ಅಂತ ಒಂದು ತಾತ್ಸಾರ ಬೇರೆ.

ನಮ್ಮ ಕಾಕಾ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದರು. 1980ರ ಮಾರ್ಚಿನಲ್ಲಿ ಒಂದು ಮುಂಜಾನೆ ಪೇಪರ್ ಹಿಡಿದುಕೊಂಡೇ ಅಡುಗೆಮನೆಗೆ ಬಂದರು. "ಬೆಂಗಳೂರಿನ ಹುಡುಗ ಲಂಡನ್ನಿನಾಗ ಗೆದ್ದಾನ!" ಅಂದರು. ಅಜ್ಜಿ ರೊಟ್ಟಿ ಬಡಿಯೋದನ್ನು ನಿಲ್ಲಿಸಲೇ ಇಲ್ಲ. "ಯಾರ ಮಗಾ?" ಅಂತಷ್ಟೇ ಕೇಳಿದಳು.

ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದಿದ್ದರು. ಶಟಲ್ ಬ್ಯಾಡ್ಮಿಂಟನ್ನಿನ ದೊಡ್ಡ ಪಂದ್ಯಾವಳಿ ಅದು. ಭಾರತದವರು ಯಾರೂ ಅದಕ್ಕೂ ಮುಂಚೆ ಅದನ್ನು ಗೆದ್ದಿರಲಿಲ್ಲ. ಫೈನಲ್ಲಿನಲ್ಲಿ ಸೋತವರು ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್, ಹಿಂದಿನ ಎರಡು ವರ್ಷ ಅದೇ ಕಪ್ ಎತ್ತಿದವರು. ಸ್ಕೋರು 15-3, 15-10. ಕಾಕಾ ಆ ಮೂರರ ಮೇಲೆ ಬೆರಳಿಟ್ಟು, "ಮೂರಽ ಮೂರು ಪಾಯಿಂಟ್ ನೋಡಲೇ ತಮ್ಮಾ" ಅಂತ ನನಗೆ ತೋರಿಸಿದರು. ನನಗಾಗ ಹದಿಮೂರು ವರ್ಷ.

ಟಿವಿ ಇಲ್ಲ. ಪೇಪರಿನಲ್ಲಿ ಬಂದಷ್ಟೇ ಗೊತ್ತು. ಹಾಗಾಗಿ ಆ ಮ್ಯಾಚನ್ನು ನಾನೇ ತಲೆಯಲ್ಲಿ ಆಡಿಸಿದೆ. ಮೂರು ಪಾಯಿಂಟಿಗೆ ಮಲಗಿಸಿದ್ದಾರೆ ಅಂದಮೇಲೆ ಎಂಥಾ ಹೊಡೆತ ಹೊಡೆದಿರಬೇಕು! ನನ್ನ ಲೆಕ್ಕದಲ್ಲಿ ಪ್ರಕಾಶ್ ಹಾರಿ ಹಾರಿ ಸ್ಮ್ಯಾಶ್ ಮಾಡಿದ್ದರು, ಅಂದರೆ ಶಟಲ್ಲನ್ನು ಮೇಲಿನಿಂದ ಕೆಳಕ್ಕೆ ಜೋರಾಗಿ ಬಾರಿಸಿದ್ದರು. ನಾನೂ ಹಿತ್ತಲ ಗೋಡೆಗೆ ಬಾರಿಸಿದೆ. ಒಂದೇ ತಿಂಗಳಲ್ಲಿ ಕಾಕಾನ ಹಳೇ ರ‍್ಯಾಕೆಟ್ಟಿನ ಗಟ್ಟು ಎರಡು ಸಲ ಹರಿಯಿತು.

ಆ ಮೂರರ ಬಗ್ಗೆ ಒಂದು ಮಾತು ಹೇಳಬೇಕು. ಈಗಿನ ಹುಡುಗರಿಗೆ ಇದು ಗೊತ್ತಾಗೋದಿಲ್ಲ. ಆಗ ಸರ್ವಿಸ್ ಮಾಡುವವನು ಗೆದ್ದರೆ ಮಾತ್ರ ಪಾಯಿಂಟ್. ಎದುರಿನವನು ಗೆದ್ದರೆ ಸರ್ವಿಸ್ ಅವನ ಕೈಗೆ ಹೋಗುತ್ತಿತ್ತು, ಅಷ್ಟೇ. ಅಂದರೆ ಶಟಲ್ ನೆಲಕ್ಕೆ ಬೀಳುವ ತನಕ ಬೆವರು ಹರಿಸಿ ಆಡಿದ ಎಷ್ಟೋ ರ‍್ಯಾಲಿ ಸ್ಕೋರಿನಲ್ಲಿ ಕಾಣೋದೇ ಇಲ್ಲ. ಯಾರು ಸರ್ವಿಸ್ ಮಾಡಿದ್ದರೂ ಗೆದ್ದವನಿಗೆ ಪಾಯಿಂಟ್ ಕೊಡುವ, 21 ಪಾಯಿಂಟಿನ ಈಗಿನ ಲೆಕ್ಕ ಬಂದದ್ದು 2006ರಲ್ಲಿ. ಹಳೇ ಲೆಕ್ಕದಲ್ಲಿ ಇನ್ನೊಂದು ಮಜಾ ಇತ್ತು. 13-13 ಆದರೆ ಮೊದಲು 13 ಮುಟ್ಟಿದವನು ಬೇಕಿದ್ದರೆ 15ಕ್ಕೆ ಮುಗಿಯುವ ಆಟವನ್ನು 18ಕ್ಕೆ ಬೆಳೆಸಬಹುದಿತ್ತು. 1981ರಲ್ಲಿ ಕೌಲಾಲಂಪುರದ ವಿಶ್ವಕಪ್ ಫೈನಲ್ಲಿನಲ್ಲಿ ಪ್ರಕಾಶ್ ಚೀನಾದ ಹಾನ್ ಜಿಯಾನ್ ಅವರನ್ನು 15-0, 18-16ರಿಂದ ಸೋಲಿಸಿದರಲ್ಲ, ಆ 18 ಹಾಗೆ ಬಂದದ್ದು. ಮೊದಲ ಗೇಮಿನಲ್ಲಿ ಸೊನ್ನೆ ಹೊಡೆದವನು ಎರಡನೇ ಗೇಮಿನಲ್ಲಿ ಜೀವ ತಿಂದಿದ್ದಾನೆ ಅಂತ ಸ್ಕೋರೇ ಹೇಳುತ್ತದೆ.

ಇರಲಿ. ನನ್ನ ಗಟ್ಟಿನ ಕಾಟ ತಾಳಲಾರದೆ ಕಾಕಾ ಒಂದು ಉಪಾಯ ಮಾಡಿದರು. ನಮ್ಮ ಮನೆ ಹತ್ತಿರ ಒಂದು ಮಂಗಲ ಕಾರ್ಯಾಲಯ ಇತ್ತು. ಲಗ್ನ ಇಲ್ಲದ ದಿನ ಸಂಜೆ ಆಡಿಕೊಳ್ಳಿರಿ ಅಂತ ಅಲ್ಲಿಯ ಮ್ಯಾನೇಜರ್ ಒಪ್ಪಿದರು. ನೆಲಕ್ಕೆ ಶಹಾಬಾದ್ ಫರಸಿ. ಫರಸಿಯ ಸಂದುಗಳೇ ನಮ್ಮ ಗೆರೆ. ನೆಟ್ ಕಟ್ಟೋದು ಒಂದು ಕಡೆ ಕಂಬಕ್ಕೆ, ಇನ್ನೊಂದು ಕಡೆ ಕಿಟಕಿ ಸರಳಿಗೆ. ಸೂರು ಬಹಳ ಎತ್ತರ ಇರಲಿಲ್ಲ, ಅದರಿಂದ ನಾಲ್ಕು ಫ್ಯಾನು ಜೋತುಬಿದ್ದಿದ್ದವು. ಶಟಲ್ ಫ್ಯಾನಿಗೆ ಬಡಿದರೆ ಪಾಯಿಂಟ್ ಹೋಯಿತು, ಇದು ಕಾಕಾನ ಕಾಯ್ದೆ. ಎಂಟಾಣೆ ದಂಡ ಬೇರೆ.

ಹೀಗಾಗಿ ಅಲ್ಲಿ ಯಾರೂ ಎತ್ತರಕ್ಕೆ ಎತ್ತುತ್ತಿರಲಿಲ್ಲ. ಎತ್ತದೇ ಇದ್ದರೆ ಸ್ಮ್ಯಾಶ್ ಎಲ್ಲಿಂದ ಬರಬೇಕು? ನೆಟ್ಟಿನ ಮೇಲೆ ತೂಗೋದು, ಮೆಲ್ಲಗೆ ಬಿಡೋದು, ಹೊಡೆಯುವ ಹಾಗೆ ಕೈ ಎತ್ತಿ ಸುಮ್ನೆ ತಟ್ಟೋದು, ಇದಿಷ್ಟೇ ಆಟ. ನನಗೆ ಸಿಟ್ಟು ಬರುತ್ತಿತ್ತು. ಪ್ರಕಾಶ್ ಹಾಗೆ ಆಡಬೇಕು ಅಂತ ಬಂದವನಿಗೆ ಇದೇನು ಹೆಂಗಸರ ಕುಂಟಬಿಲ್ಲೆ ಅಂತ ಅನ್ನಿಸುತ್ತಿತ್ತು. (ನನ್ನ ತಂಗಿ ಆ ಹಾಲಿನಲ್ಲಿ ನನ್ನನ್ನು ವಾರಕ್ಕೆ ಮೂರು ಸಲ ಸೋಲಿಸುತ್ತಿದ್ದಳು, ಅದನ್ನೂ ಬರೆದುಬಿಡುತ್ತೇನೆ.) ವೈಶಾಖ ಬಂತಂದರೆ ಆಟ ಬಂದ್. ದಿನಾ ಲಗ್ನ. ನಮ್ಮ ಅಂಕಣದ ಮೇಲೆ ಬುಂದಿ ಲಾಡು ಬಡಿಸುತ್ತಿದ್ದರು.

ಬಹಳ ವರ್ಷದ ಮೇಲೆ ಪ್ರಕಾಶ್ ತಮ್ಮ ಬಾಲ್ಯದ ಬಗ್ಗೆ ಹೇಳಿಕೊಂಡಿದ್ದನ್ನು ಓದಿದೆ. ಓದಿ ಎದ್ದು ಕೂತೆ. ಅವರೂ ಆಟ ಕಲಿತದ್ದು ಮದುವೆ ಹಾಲಿನಲ್ಲಿ! ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲು. ಇವತ್ತು ಏನಾದರೂ ಸಮಾರಂಭ ಇದೆಯಾ ಅಂತ ಕಾಯೋದು, ಇಲ್ಲದಿದ್ದರೆ ಶಾಲೆ ಬಿಟ್ಟ ತಕ್ಷಣ ಓಡೋದು. ಅಪ್ಪ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರೂ ಮಗನಿಗೆ ಅಷ್ಟೇ ಸಿಕ್ಕಿದ್ದು. 1962ರಲ್ಲಿ ರಾಜ್ಯ ಜೂನಿಯರ್ ಪಂದ್ಯದ ಮೊದಲ ಸುತ್ತಿನಲ್ಲೇ ಸೋತು, ಎರಡು ವರ್ಷಕ್ಕೆ ಅದನ್ನೇ ಗೆದ್ದ ಹುಡುಗ. 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ. 1980ರಲ್ಲಿ ಡೆನ್ಮಾರ್ಕ್, ಸ್ವೀಡನ್ ಗೆದ್ದೇ ಲಂಡನ್ನಿಗೆ ಹೋದದ್ದು.

ಆ ಫೈನಲ್ಲಿನ ತುಣುಕು ನಾನು ನೋಡಿದ್ದು ಮೊಬೈಲಿನಲ್ಲಿ, ನಲವತ್ತು ದಾಟಿದ ಮೇಲೆ. ಮೊದಲ ಸಲ ನಿಜಕ್ಕೂ ಬೇಜಾರಾಯಿತು. ಅಬ್ಬರವೇ ಇಲ್ಲ! ಹಾರಿ ಹೊಡೆಯುವವರು ಕಿಂಗ್. ಹಾರಿ ಸ್ಮ್ಯಾಶ್ ಮಾಡೋದರಲ್ಲಿ ಅವರದು ಜಗತ್ತಿಗೇ ಹೆಸರು. ಪ್ರಕಾಶ್ ಮಾಡಿದ್ದು ಅವರಿಗೆ ಹಾರೋಕೆ ಬಿಡದೇ ಇದ್ದದ್ದು. ಆಟದ ವೇಗವನ್ನೇ ಇಳಿಸಿಬಿಟ್ಟರು. ಶಟಲ್ಲು ನೆಟ್ಟಿನ ಹತ್ತಿರ ಬೀಳುತ್ತದೆ, ಆಮೇಲೆ ಮೂಲೆಗೆ ಹೋಗುತ್ತದೆ, ಅರ್ಧ ಹೊಡೆತ ಬರುತ್ತದೆ, ಮತ್ತೆ ನೆಟ್ಟು. ಮಣಿಕಟ್ಟು ಕೊನೇ ಕ್ಷಣದವರೆಗೂ ಗುಟ್ಟು ಬಿಡೋದಿಲ್ಲ. ಎದುರಿನವರು ಒಂದು ಹೆಜ್ಜೆ ಮುಂದಿಟ್ಟ ಮೇಲೆ ಶಟಲ್ ಹಿಂದೆ ಹೋಗುತ್ತದೆ. ಎರಡನೇ ಸಲ ನೋಡಿದಾಗ ನಗು ಬಂತು. ಇದನ್ನು ನಾನು ಎಲ್ಲೋ ಆಡಿದ್ದೇನಲ್ಲ! ನಮ್ಮದು ಎಲ್ಲಿ, ಅವರದು ಎಲ್ಲಿ, ಅದು ಬೇರೆ ಮಾತು. ಆದರೆ ಜಾತಿ ಅದೇ.

ಮುಂದಿನ ವರ್ಷದ ಆಲ್ ಇಂಗ್ಲೆಂಡ್ ಫೈನಲ್ಲಿನಲ್ಲಿ ಕಿಂಗ್ ಸೇಡು ತೀರಿಸಿಕೊಂಡರು. 1983ರಲ್ಲಿ ಕೋಪನ್‌ಹೇಗನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪ್ರಕಾಶ್‌ಗೆ ಕಂಚು ಬಂತು. 1991ರಲ್ಲಿ ಆಟ ನಿಲ್ಲಿಸಿದರು. 1994ರಲ್ಲಿ ಇನ್ನೊಬ್ಬ ಆಟಗಾರ ವಿಮಲ್ ಕುಮಾರ್ ಜೊತೆ ಬೆಂಗಳೂರಿನಲ್ಲಿ ಅಕಾಡೆಮಿ ಶುರು ಮಾಡಿದರು. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದಾಗ ಕಾಕಾ ಫೋನ್ ಮಾಡಿ ಸ್ಕೋರು ಕೇಳಿದ್ದರು. ಯಾರು ಗೆದ್ದರು ಅಂತಲ್ಲ, ಸ್ಕೋರು. 15-12, 15-6 ಅಂದೆ. "ಅವಾ ಮೂರಕ್ಕ ಕೆಡವಿದ್ದಾ" ಅಂತ ಫೋನ್ ಇಟ್ಟರು.

ಕಾಕಾಗೆ ಈಗ ಎಂಬತ್ತೆರಡು. ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಮಂದ, ಕಣ್ಣು ಚುರುಕು. ಹೋದ ತಿಂಗಳು ಹೋದಾಗ ಮೊಬೈಲ್ ಅವರ ಮುಂದೆ ಹಿಡಿದು, "ನೋಡ್ರಿ ಕಾಕಾ, ನೀವು ಪೇಪರಿನಾಗ ಓದಿದ ಮ್ಯಾಚು" ಅಂದೆ. ಚಾ ಆರಿಹೋಗುವ ತನಕ ನೋಡಿದರು. ಸ್ಮ್ಯಾಶ್ ಯಾಕೆ ಇಲ್ಲ ಅಂತ ಕೇಳುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅವರು ತೆರೆಯ ಮೇಲ್ಭಾಗಕ್ಕೆ ಬೆರಳಿಟ್ಟು, ಇನ್ನೇನೋ ಹುಡುಕಿದರು.

"ಫ್ಯಾನ್ ಇದ್ದುವೇನಲೇ ಅಲ್ಲಿ?"

"ಇಲ್ರಿ ಕಾಕಾ."

"ಮತ್ತ ಯಾಕ ಎತ್ತವಲ್ಲಾ ಇವಾ?"