ಜೇಡ್‌ನ ಹಸಿರು: ಕಲ್ಲಿನದೆಷ್ಟು, ದೀಪದ್ದೆಷ್ಟು

ಜೇಡ್ ಅನ್ನುವ ಅಲಂಕಾರದ ಕಲ್ಲಿನ ಉಂಗುರದ ಬಣ್ಣವನ್ನು ಅಂಗಡಿಯ ದೀಪದ ಕೆಳಗೆ ನೋಡಿ ದುಡ್ಡು ಕೊಡಬೇಡಿ. ಹಾಂಗ್‌ಕಾಂಗ್‌ಗೆ ಬರುವ ನೆಂಟರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಇಲ್ಲಿ ಹರಳು ಪರೀಕ್ಷೆ ಮಾಡುವುದು ನನ್ನ ಕೆಲಸ. ಕಣ್ಣಿಗೆ ಬೀಳುವ ಹಸಿರೆಲ್ಲ ಕಲ್ಲಿನದಲ್ಲ ಅನ್ನುವುದು ದಿನಾ ಎದುರಿಗೆ ಕಾಣುವ ಸಂಗತಿ. ಸ್ವಲ್ಪ ದೀಪದ್ದು, ಸ್ವಲ್ಪ ಹಿಂದಿರುವ ಲೋಹದ್ದು, ಕೆಲವೊಮ್ಮೆ ಕೃತಕ ಬಣ್ಣದ್ದು. ಇವನ್ನೆಲ್ಲ ಕಳೆದ ಮೇಲೆ ಉಳಿಯುವ ಹಸಿರಿಗೆ ಮಾತ್ರ ಬೆಲೆ ಕಟ್ಟಬೇಕು.

ಹೋದ ಚಳಿಗಾಲದಲ್ಲಿ ಮೈಸೂರಿನಿಂದ ಸೋದರತ್ತೆ ಬಂದಿದ್ದರು. ಯೌ ಮಾ ಟೇಯ ಜೇಡ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಹಳದಿ ಬಲ್ಬಿನ ಕೆಳಗೆ ಒಂದು ಉಂಗುರ ಅವರ ಕಣ್ಣು ಸೆಳೆಯಿತು. "ಎಷ್ಟು ಚೆನ್ನಾಗಿದೆಯಲ್ಲೇ, ಇನ್ನೇನು ನೋಡ್ತಾ ನಿಂತಿದ್ದೀಯ?" ಅಂದರು. "ಅತ್ತೆ, ಒಂದು ನಿಮಿಷ ಹೊರಗೆ ಬನ್ನಿ" ಅಂತ ಅಂಗಡಿಯವರನ್ನು ಕೇಳಿಕೊಂಡು ಉಂಗುರವನ್ನು ಬಾಗಿಲ ಹತ್ತಿರ ಹಿಡಿದೆ. ಗಿಳಿಹಸಿರು ಅಂತ ಕಂಡದ್ದು ಅಲ್ಲಿ ಬೂದು ಬೆರೆತ ಪಾಚಿಹಸಿರಾಯಿತು. ಅತ್ತೆಗೆ ಬೇರೆ ವಿವರಣೆ ಬೇಕಾಗಲಿಲ್ಲ. ಸೀರೆ ಅಂಗಡಿಯಲ್ಲಿ ಸೆರಗನ್ನು ಬಾಗಿಲಿಗೆ ತಂದು ಬೆಳಕಿಗೆ ಹಿಡಿದು ನೋಡುವುದು ಅವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಹಳದಿ ದೀಪ ಹಸಿರಿಗೆ ಬೆಚ್ಚನೆಯ ಕಳೆ ಕೊಡುತ್ತದೆ, ಕಲ್ಲಿನೊಳಗಿನ ಬೂದನ್ನು ಮುಚ್ಚಿಡುತ್ತದೆ. ದೀಪದಡಿ ಜೇಡ್ ನೋಡಬೇಡ ಅಂತ ಚೀನೀಯರಲ್ಲೇ ಹಳೆಯ ಗಾದೆಯಿದೆ. ನೇರ ಬಿಸಿಲೂ ಬೇಡ. ನೆರಳಿನಲ್ಲಿ, ತೆರೆದ ಆಕಾಶದ ಬೆಳಕಿನಲ್ಲಿ, ಬಿಳಿ ಕಾಗದದ ಮೇಲಿಟ್ಟು ನೋಡಿ. ಹತ್ತಿರದಿಂದ ನೋಡಿದ ಮೇಲೆ ಒಂದು ತೋಳಿನ ದೂರಕ್ಕೆ ಹಿಡಿಯಿರಿ. ಒಳ್ಳೆಯ ಬಣ್ಣ ಅಷ್ಟು ದೂರದಿಂದಲೂ ಎದ್ದು ಕಾಣುತ್ತದೆ.

ಇನ್ನು ಆ ಹಸಿರಿನಲ್ಲಿ ಏನನ್ನು ನೋಡಬೇಕು? ಇಲ್ಲಿಯ ಹಳೇ ವ್ಯಾಪಾರಿಗಳು ಕೇಳುವುದು ನಾಲ್ಕು: ಬಣ್ಣ ತುಂಬಿಕೊಂಡಿದೆಯಾ, ಬೆಳಗುತ್ತಿದೆಯಾ, ಬೆರಕೆ ಇಲ್ಲವಾ, ಎಲ್ಲ ಕಡೆ ಒಂದೇ ಸಮ ಇದೆಯಾ. ನಾನು ಹೆಚ್ಚು ಹೊತ್ತು ನಿಲ್ಲುವುದು ಬೆರಕೆಯ ಹತ್ತಿರ. ನಾನು ಇಲ್ಲಿ ಹೇಳುತ್ತಿರುವ ಜೇಡ್‌ನ ಖನಿಜದ ಹೆಸರು ಜೇಡೈಟ್, ಅಂದರೆ ಸೋಡಿಯಂ ಮತ್ತು ಅಲ್ಯೂಮಿನಿಯಂನ ಸಿಲಿಕೇಟ್. ಶುದ್ಧವಾಗಿದ್ದರೆ ಅದು ಬಿಳಿ. ಅಲ್ಯೂಮಿನಿಯಂನ ಜಾಗದಲ್ಲಿ ಒಂದಿಷ್ಟು ಕ್ರೋಮಿಯಂ ಸೇರಿಕೊಂಡರೆ ಕಣ್ಣು ತುಂಬುವ ಹಸಿರು ಬರುತ್ತದೆ. ಕಬ್ಬಿಣ ಹೆಚ್ಚಾದರೆ ಹಸಿರು ಮಂಕಾಗಿ, ಬೂದು ಕಡೆಗೋ ಕಪ್ಪು ಕಡೆಗೋ ವಾಲುತ್ತದೆ. ತುಸು ಹಳದಿ, ತುಸು ನೀಲಿ ಇದ್ದರೆ ಅಂಥ ನಷ್ಟವಿಲ್ಲ. ಬೂದು ಅಥವಾ ಕಂದು ಸೇರಿದರೆ ಬೆಲೆ ಸರ್ರನೆ ಇಳಿಯುತ್ತದೆ. ಈ ವ್ಯತ್ಯಾಸ ಒಂದೇ ಕಲ್ಲನ್ನು ನೋಡಿದರೆ ಗೊತ್ತಾಗುವುದಿಲ್ಲ. ಬಣ್ಣದ ವಿಷಯದಲ್ಲಿ ಕಣ್ಣಿನ ನೆನಪು ನಂಬುವಂಥದ್ದಲ್ಲ. ಎರಡು ಮೂರು ಕಲ್ಲುಗಳನ್ನು ಅಕ್ಕಪಕ್ಕ ಇಡಿಸಿ ನೋಡಿ, ಬೂದು ತಾನಾಗಿ ಹೊರಗೆ ಬರುತ್ತದೆ.

ಬಣ್ಣವನ್ನು ಮಾತ್ರ ಬೇರ್ಪಡಿಸಿ ಅಳೆಯಲೂ ಆಗುವುದಿಲ್ಲ. ಜೇಡೈಟ್ ವಜ್ರದ ಹಾಗೆ ಒಂಟಿ ಹರಳಲ್ಲ, ಒಂದರೊಳಗೊಂದು ಹೆಣೆದುಕೊಂಡ ಅಸಂಖ್ಯ ಸಣ್ಣ ಹರಳುಗಳ ಮುದ್ದೆ. ಕಣಗಳು ನುಣ್ಣಗಿದ್ದರೆ ಬೆಳಕು ಒಳಗೆ ಹೋಗಿ ಹಸಿರನ್ನು ಹೊತ್ತು ಹಿಂದಿರುಗುತ್ತದೆ. ಒರಟಾಗಿದ್ದರೆ ಮೇಲೆಯೇ ಚದುರಿಹೋಗುತ್ತದೆ. ಬಣ್ಣ ಎಷ್ಟಿದ್ದರೂ ಸುಣ್ಣ ಬಳಿದಂತೆ ಸತ್ತುಹೋಗಿರುತ್ತದೆ. ಮ್ಯಾನ್ಮಾರ್‌ನ ಕಚಿನ್ ರಾಜ್ಯದ ಹ್ಪಕಾಂತ್ ಸುತ್ತಿನ ಗಣಿಗಳಿಂದ ಬರುವ ರಾಶಿಯಲ್ಲಿ ಹಸಿರು ಕಲ್ಲಿಗೇನೂ ಬರವಿಲ್ಲ. ಹಸಿರೂ ನುಣುಪೂ ಒಟ್ಟಿಗೆ ಸಿಗುವುದು ಅಪರೂಪ.

ಆಮೇಲೆ ದಪ್ಪ. ತೀರಾ ಗಾಢವಾದ ಕಲ್ಲು ದಪ್ಪಗಿದ್ದರೆ ಕಪ್ಪಾಗಿ ಕಾಣುತ್ತದೆ. ಅದಕ್ಕೇ ಗುಮ್ಮಟದ ಆಕಾರಕ್ಕೆ ತಿದ್ದಿದ ಹರಳಿನ ಬೆನ್ನನ್ನು ತೋಡಿ ತೆಳ್ಳಗೆ ಮಾಡುತ್ತಾರೆ. ಇದು ಮೋಸವಲ್ಲ, ಕಸುಬಿನ ಜಾಣ್ಮೆ. ಆದರೆ ಉಂಗುರದ ಹಿಂಬದಿ ಪೂರ್ತಿ ಮುಚ್ಚಿದ್ದರೆ ನನಗೆ ಸಂಶಯ. ಕೆಳಗೆ ಹೊಳೆಯುವ ಲೋಹದ ಹಾಳೆಯಿಟ್ಟು ತೆಳು ಕಲ್ಲಿಗೆ ಇಲ್ಲದ ಕಳೆ ತರಬಹುದು. ಹಿಂಬದಿ ತೆರೆದಿರುವುದನ್ನೇ ಕೇಳಿ. ಬೆಳಕಿಗೆ ಹಿಡಿದು ಆಚೆಯಿಂದಲೂ ನೋಡಿ.

ಗುಂಡಗಿನ ಮಣಿಗೆ ಇಂಥ ಯಾವ ಆಸರೆಯೂ ಇಲ್ಲ. ತೋಡುವ ಹಾಗಿಲ್ಲ, ಬೆನ್ನಿಗೆ ಏನೂ ಅಂಟಿಸುವ ಹಾಗಿಲ್ಲ, ಎಲ್ಲ ದಿಕ್ಕಿನಿಂದಲೂ ಬಣ್ಣ ಬಯಲಾಗುತ್ತದೆ. ಅಮೆರಿಕದ ಆಗರ್ಭ ಶ್ರೀಮಂತೆ ಬಾರ್ಬರಾ ಹಟ್ಟನ್ ಅವರ ಜೇಡೈಟ್ ಸರ ನೆನಪಾಗುತ್ತದೆ. 1933ರಲ್ಲಿ ಆಕೆಯ ಮದುವೆಗೆ ತಂದೆ ಕೊಟ್ಟದ್ದು, 15.4 ಮಿಲಿಮೀಟರಿನಿಂದ 19.2 ಮಿಲಿಮೀಟರಿನವರೆಗಿನ 27 ಮಣಿಗಳು. 2014ರ ಏಪ್ರಿಲ್‌ನಲ್ಲಿ ಇದೇ ಹಾಂಗ್‌ಕಾಂಗ್‌ನ ಸೋದಬಿ ಹರಾಜಿನಲ್ಲಿ ಸುಮಾರು 2.74 ಕೋಟಿ ಅಮೆರಿಕನ್ ಡಾಲರಿಗೆ ಹೋಯಿತು, ಕೊಂಡದ್ದು ಫ್ರಾನ್ಸಿನ ಆಭರಣ ಕಂಪನಿ ಕಾರ್ಟಿಯೇ. ಹೆಸರಿಗಾಗಿ ಕೊಟ್ಟ ಬೆಲೆ ಅಂತ ಕೆಲವರು ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಅಷ್ಟು ದೊಡ್ಡ 27 ಮಣಿಗಳಲ್ಲಿ ಒಂದೇ ಹಸಿರನ್ನು ಹೊಂದಿಸುವುದೆಂದರೆ ಎಷ್ಟು ಒಳ್ಳೆಯ ಕಲ್ಲನ್ನು ಪುಡಿಯಾಗಲು ಬಿಟ್ಟಿರಬೇಕು, ಯೋಚಿಸಿ.

ಇನ್ನುಳಿದದ್ದು ಕೃತಕ ಬಣ್ಣ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು, ಕಲ್ಲಿನ ಹಿಂದೆ ಸಣ್ಣ ಟಾರ್ಚ್ ಇಡಿ. ಹುಟ್ಟಿನಿಂದ ಬಂದ ಹಸಿರು ಎಳೆಗಳಾಗಿ ಹರಡಿರುತ್ತದೆ, ಒಂದು ಕಡೆ ದಟ್ಟವಾಗಿ ಹುಟ್ಟಿ ಇನ್ನೊಂದು ಕಡೆ ಮೆಲ್ಲಗೆ ತಿಳಿಯಾಗುತ್ತದೆ. ಹಾಕಿದ ಬಣ್ಣ ಕಣಗಳ ನಡುವಿನ ಸಂದಿಗಳಲ್ಲಿ ಮಾತ್ರ ಕೂತು ಬಲೆಯ ಹಾಗೆ ಕಾಣುತ್ತದೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ, ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಸ್ಕೋಪ್‌ನಲ್ಲಿ ನೋಡಿದರೆ ಕ್ರೋಮಿಯಂ ಹಸಿರು ಕೆಂಪು ಭಾಗದಲ್ಲಿ ಮೆಟ್ಟಿಲಿನಂತೆ ಮೂರು ಗೆರೆ ಕೊಡುತ್ತದೆ. ಬಣ್ಣ ಹಾಕಿದ್ದರೆ ಸಾಮಾನ್ಯವಾಗಿ ಅದೇ ಕೆಂಪಿನಲ್ಲಿ, 650 ನ್ಯಾನೊಮೀಟರ್ ತರಂಗಾಂತರದ ಸುತ್ತ ಒಂದೇ ಅಗಲ ಪಟ್ಟಿ. ಆಸಿಡ್‌ನಲ್ಲಿ ಕಂದು ಕಲೆ ತೆಗೆದು ರಾಳ ತುಂಬಿದ 'ಬಿ' ದರ್ಜೆಯದ್ದು ಇನ್ನೊಂದು ಬಗೆ. ಅದರಲ್ಲಿ ಹಸಿರು ಕಲ್ಲಿನದೇ ಇರಬಹುದು, ಆ ತಿಳಿತನ ಮಾತ್ರ ರಾಳದ್ದು; ವರ್ಷ ಕಳೆದಂತೆ ರಾಳ ಹಳದಿಯಾಗಬಹುದು. ಇದನ್ನು ಬರಿಗಣ್ಣಿನಿಂದ ಖಚಿತವಾಗಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಇನ್‌ಫ್ರಾರೆಡ್ ಪರೀಕ್ಷೆ ಮಾಡಿದ ಲ್ಯಾಬ್ ವರದಿಯಲ್ಲಿ 'ಎ' ದರ್ಜೆ, ಅಂದರೆ ರಾಳ, ಬಣ್ಣ ಏನೂ ಸೇರಿಸದ್ದು, ಅಂತ ಬರೆದಿರಬೇಕು. ಕೊನೆಯ ಪಾಲಿಶ್‌ಗೆ ಮೇಣ ಸವರುವುದು ಹಳೆಯ ರೂಢಿ, ಅದಕ್ಕೆ ಹೆದರಬೇಕಿಲ್ಲ.

ಊರಿನಿಂದ ಫೋಟೋ ಕಳಿಸಿ 'ಇಂಡಿಯನ್ ಜೇಡ್' ಒಳ್ಳೆಯದಾ ಅಂತ ಕೇಳುವವರೂ ಇದ್ದಾರೆ. ಆ ಹೆಸರಲ್ಲಿ ಮಾರುವುದು ಹೆಚ್ಚಾಗಿ ಅವೆಂಚುರಿನ್, ಅಂದರೆ ಒಂದು ಬಗೆಯ ಬೆಣಚುಕಲ್ಲು. ಅದರ ಹಸಿರು ಫುಕ್ಸೈಟ್ ಅನ್ನುವ ಅಭ್ರಕದ್ದು. ನಮ್ಮ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಬಂಡೆಗಳಲ್ಲೂ ಫುಕ್ಸೈಟ್ ಇದೆ. ಅಲ್ಲಿಯೂ ಬಣ್ಣ ಕೊಡುವುದು ಕ್ರೋಮಿಯಮ್ಮೇ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಲೂಪ್‌ನಲ್ಲಿ ಹಸಿರು ಅಭ್ರಕದ ಚೂರುಗಳು ಮಿನುಗುತ್ತವೆ. ಕೈಗೂ ಹಗುರ, ಯಾಕೆಂದರೆ ಜೇಡೈಟ್ ನೀರಿಗಿಂತ 3.3 ಪಟ್ಟು ತೂಕವಾದರೆ ಇದು 2.65 ಪಟ್ಟು. ಚಂದದ ಕಲ್ಲು, ಅದರದೇ ಬೆಲೆಗೆ ಕೊಳ್ಳಿ.

ಬಳೆ ಕೊಳ್ಳುವವರು ಇಡೀ ಸುತ್ತು ಹಸಿರಿರಲಿ ಅಂತ ಹಟ ಹಿಡಿಯಬೇಡಿ. ಅಂಥದ್ದು ನಿಜವಾಗಿಯೂ 'ಎ' ದರ್ಜೆಯದಾಗಿದ್ದರೆ ನಮ್ಮ ನಿಮ್ಮ ಕೈಗೆ ಎಟುಕುವುದಿಲ್ಲ. ಎಟುಕುವ ಬೆಲೆಗೆ ಸಿಕ್ಕರೆ ಲ್ಯಾಬಿಗೆ ಕಳಿಸದೆ ಮುಟ್ಟಬೇಡಿ. ಬಿಳಿ ಮೈಯಲ್ಲಿ ಒಂದೆರಡು ಕಡೆ ಹಸಿರು ಹರಡಿರುವ, ಬೆಳಕಿಗೆ ಹಿಡಿದರೆ ಒಳಗೆಲ್ಲ ತಿಳಿಯಾಗಿ ಕಾಣುವ ಬಳೆಗಳು ಬೇಕಾದಷ್ಟಿವೆ. ಗಾಢವಾದ ಮಂಕು ಹಸಿರಿಗಿಂತ ನಾನು ಅದನ್ನೇ ಆರಿಸುತ್ತೇನೆ.