ಮೊಟ್ಟೆ ಬೇಯಿಸುವ ಪ್ರಯೋಗ ಇಡ್ಲಿ ಪಾತ್ರೆಗೆ ಬಂತು

ಭಾನುವಾರ

ಗುರಿ ದೊಡ್ಡದೇನಲ್ಲ. ಮುದ್ದೆ ಜೊತೆ ಮೊಟ್ಟೆ ಸಾರು ಮಾಡಿದಾಗ ಅದರಲ್ಲಿರೋ ಮೊಟ್ಟೆ ನುಣ್ಣಗೆ, ಗುಂಡಗೆ ಇರಬೇಕು. ಹಳದಿ ಪೂರ್ತಿ ಬೆಂದಿರಬೇಕು, ಸುತ್ತ ಹಸಿರು ಗೆರೆ ಬರಬಾರದು. ಬೇಯಿಸೋದು ಯಾರಿಗಾದರೂ ಬರುತ್ತದೆ. ತಕರಾರೆಲ್ಲ ಸುಲಿಯುವಾಗ.

ಮೊದಲು ಎಲ್ಲರೂ ಮಾಡೋ ಹಾಗೆ ತಣ್ಣೀರಲ್ಲಿ ಮೊಟ್ಟೆ ಇಟ್ಟು ಒಲೆ ಹಚ್ಚಿದೆ. ಬೆಂದಿದ್ದು ಚೆನ್ನಾಗೇ ಬೆಂತು. ಆದರೆ ಚಿಪ್ಪಿನ ಜೊತೆ ಬಿಳಿಯೂ ಚೂರುಚೂರಾಗಿ ಕಿತ್ತು ಬಂತು. ನೀರು ನಿಧಾನವಾಗಿ ಕಾಯುವಾಗ ಬಿಳಿ ಒಳಪೊರೆಗೆ ಅಂಟಿಕೊಂಡೇ ಗಟ್ಟಿಯಾಗುತ್ತದೆ. ಮೊಟ್ಟೆ ಹೊಸದಾದಷ್ಟೂ ಈ ಕಾಟ ಜಾಸ್ತಿ. ದಿನ ಕಳೆದ ಹಾಗೆ ಚಿಪ್ಪಿನ ಸಣ್ಣ ತೂತುಗಳಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಬಿಳಿ ಹೆಚ್ಚು ಕ್ಷಾರವಾಗುತ್ತದೆ, ಅಂಟೋದು ಕಮ್ಮಿಯಾಗುತ್ತದೆ. ಅಂದರೆ ಬೇಯಿಸೋಕೆ ವಾರದ ಹಿಂದಿನ ಮೊಟ್ಟೆಯೇ ವಾಸಿ. ಇವತ್ತಿನದು ಆಮ್ಲೆಟ್‌ಗೆ ಇರಲಿ.

ಬುಧವಾರ

ಈ ಸಲ ನೀರು ಕೊತಕೊತ ಕುದಿಯುವಾಗ ಸೌಟಿನಲ್ಲಿ ಮೊಟ್ಟೆ ಇಳಿಸಿದೆ. ವ್ಯತ್ಯಾಸ ಕೈಗೇ ಗೊತ್ತಾಯಿತು. ಬಿಳಿಯ ಹೊರಪದರ ಥಟ್ಟಂತ ಗಟ್ಟಿಯಾಗೋದರಿಂದ ಪೊರೆ ಹಿಡಿಯೋಕೆ ಅದಕ್ಕೆ ಸಮಯ ಸಿಗೋದಿಲ್ಲ. ದಪ್ಪ ತುದಿಯನ್ನು ಕಟ್ಟೆಗೆ ತಟ್ಟಿ, ಗಾಳಿ ಇರೋ ಜಾಗದಿಂದ ಹೆಬ್ಬೆರಳು ತೂರಿಸಿದರೆ ಪೊರೆಯ ಸಮೇತ ದೊಡ್ಡ ಚೂರುಗಳೇ ಬರುತ್ತವೆ.

ಅಮ್ಮ ಬಂದು ನೋಡಿ, “ಏನೋ, ಮೊಟ್ಟೆಗೂ ಗಡಿಯಾರ ಇಟ್ಕೊಂಡಿದ್ದೀಯಾ? ಒಂದು ಚಮಚ ಉಪ್ಪು ಹಾಕು ಸಾಕು” ಅಂದರು. ಉಪ್ಪು ಹಾಕಿದ್ದಕ್ಕೆ ಸಿಪ್ಪೆಯೇನೂ ಸಲೀಸಾಗಿ ಬರಲಿಲ್ಲ. ಆದರೆ ಒಂದು ಮೊಟ್ಟೆ ಬಿರುಕು ಬಿಟ್ಟಿತ್ತು. ಸೋರಿದ ಬಿಳಿ ಅಲ್ಲೇ ಬೇಗ ಹೆಪ್ಪುಗಟ್ಟಿ ನಿಂತಿತು. ಅಷ್ಟರ ಮಟ್ಟಿಗೆ ಅಮ್ಮನ ಮಾತು ಸರಿ.

ಗಡಿಯಾರ ಬೇಕೇ ಬೇಕು ಅನ್ನೋದು ನನ್ನ ವಾದ. ನಮ್ಮ ಚಿಕ್ಕಬಳ್ಳಾಪುರ ಸಮುದ್ರಮಟ್ಟಕ್ಕಿಂತ 900 ಮೀಟರ್‌ ಮೇಲಿದೆ. ಇಲ್ಲಿ ನೀರು 100 ಡಿಗ್ರಿ ಮುಟ್ಟೋದಿಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. 1,478 ಮೀಟರ್ ಎತ್ತರದ ನಂದಿ ಬೆಟ್ಟದಲ್ಲಾದರೆ 95ರ ಆಸುಪಾಸು. ಹಾಗಾಗಿ ಮಂಗಳೂರಲ್ಲಿ 12 ನಿಮಿಷ ಸಾಕಾಗೋ ಮೊಟ್ಟೆಗೆ ಇಲ್ಲಿ ಅರ್ಧ, ಮುಕ್ಕಾಲು ನಿಮಿಷ ಜಾಸ್ತಿ ಕೊಡಬೇಕು. ಹಾಗಂತ 20 ನಿಮಿಷ ಬಿಟ್ಟರೆ ಬಿಳಿಯಿಂದ ಬರುವ ಗಂಧಕ ಹಳದಿಯ ಕಬ್ಬಿಣದ ಜೊತೆ ಸೇರಿ ಹಸಿರು ಗೆರೆ ಎಳೆಯುತ್ತದೆ. ತಿಂದರೆ ಏನೂ ಆಗಲ್ಲ, ನೋಡೋಕೆ ಮಾತ್ರ ಚೆನ್ನಾಗಿರಲ್ಲ, ಅಷ್ಟೇ.

ಮತ್ತೆ ಭಾನುವಾರ

ಬೋರ್‌ವೆಲ್ ನೀರಿಗೆ ಪಾತ್ರೆಯಲ್ಲಿ ಬಿಳಿ ಕರೆ ಕಟ್ಟೋದು ನೋಡಿ ಬೇಜಾರಾಗಿತ್ತು. ಎರಡು ಲೋಟ ನೀರಲ್ಲಿ ಮುಗಿಯೋ ಉಪಾಯ ಬೇಕಿತ್ತು. ಇಡ್ಲಿ ಪಾತ್ರೆ ಅಲ್ಲೇ ಇತ್ತಲ್ಲ!

ಹಬೆಯೂ ಅದೇ 97 ಡಿಗ್ರಿ. ನೀರು ಕುದಿದು ಹಬೆ ಜೋರಾದ ಮೇಲೆ ತಟ್ಟೆ ಇಡಬೇಕು. ಒಂದರ ಮೇಲೊಂದು ತಟ್ಟೆ ಜೋಡಿಸೋಕೆ ಆಗಲ್ಲ, ನಡುವಿನ ಸಂದಿಯಲ್ಲಿ ಮೊಟ್ಟೆ ಹಿಡಿಸಲ್ಲ. ಒಂದೇ ತಟ್ಟೆ, ಗುಳಿಗೊಂದು ಮೊಟ್ಟೆ. ಕುದಿಯೋ ನೀರಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದು ಒಡೆಯೋ ತಾಪತ್ರಯ ಇಲ್ಲಿಲ್ಲ. ಮುಚ್ಚಳ ಹಾಕಿ, ಮಧ್ಯಮ ಉರಿಯಲ್ಲಿ 13 ನಿಮಿಷ. ತಕ್ಷಣ ಐಸ್ ಹಾಕಿದ ನೀರಿಗೆ. ಅಲ್ಲಿ ಹತ್ತು ನಿಮಿಷವಾದರೂ ಇರಲಿ, ಇಲ್ಲದಿದ್ದರೆ ಒಳಗಿನ ಬಿಸಿಗೇ ಹಳದಿ ಇನ್ನೂ ಬೇಯುತ್ತಿರುತ್ತದೆ.

ಹೊಲಿಗೆ ದಾರದಲ್ಲಿ ಎಳೆದು ಎರಡು ಹೋಳು ಮಾಡಿದೆ. ಹಳದಿ ನಡುವಲ್ಲೂ ಹಸಿಯಾಗಿರಲಿಲ್ಲ, ಪುಡಿಪುಡಿಯೂ ಆಗಿರಲಿಲ್ಲ. ಗೆರೆ ಇಲ್ಲ. ಮಿಕ್ಕವು ಸುಲಿದ ಮೇಲೆ ಗಾಜಿನ ಗೋಲಿ ಹಾಗೆ ಹೊಳೆಯುತ್ತಿದ್ದವು. ಸಾರಿಗೆ ಹಾಕುವ ಮುಂಚೆ ಉದ್ದಕ್ಕೆ ನಾಲ್ಕು ಗೀರು ಹಾಕಿದರೆ ಮಸಾಲೆ ಒಳಗೆ ಇಳಿಯುತ್ತದೆ. ಸುಲಿಯದವನ್ನು ಚಿಪ್ಪಿನ ಸಮೇತ ಫ್ರಿಜ್‌ನಲ್ಲಿಟ್ಟಿದ್ದೇನೆ, ವಾರದೊಳಗೆ ಮುಗಿಸಬೇಕು.

ಫಾರಂ ಮೊಟ್ಟೆಗೆ ಈ ಲೆಕ್ಕ ಸಾಕು. ನಾಟಿ ಮೊಟ್ಟೆ ಸಣ್ಣದು, 13 ನಿಮಿಷ ಜಾಸ್ತಿಯಾಗುತ್ತದೆ. 11ರಿಂದ ಶುರು ಮಾಡಿ ನೋಡಬೇಕು. ಅಮ್ಮ ಇಡ್ಲಿ ಹಿಟ್ಟು ರುಬ್ಬದ ದಿನ ನೋಡಿಕೊಂಡು.